ಬ್ಲೂ ಮಂಡೇ: ಯಂತ್ರದ ಹಾಡೆನ್ನಿಸಿಕೊಂಡ ಕೈಕೆಲಸ

ಮೊದಲಿಗೆ ಕೇಳಿಸುವುದು ಡ್ರಮ್ಮಿನ ಗುದ್ದು ಮಾತ್ರ. ಮೃದಂಗದ ಪಾಠ ಅಷ್ಟಿಷ್ಟು ಗೊತ್ತಿರುವವರು ಅದನ್ನು ಬಾಯಲ್ಲೇ ಹೇಳಿಬಿಡಬಹುದು: ತಾ... ತಾ... ತಕಧಿಮಿ ತಕಧಿಮಿ. ಎರಡು ಎಣಿಕೆಗೆ ಒಂದೊಂದೇ ಪೆಟ್ಟು. ಮುಂದಿನೆರಡು ಎಣಿಕೆಯೊಳಗೆ ಎಂಟು ಪೆಟ್ಟು, ಉಸಿರು ಬಿಡಲು ಜಾಗವಿಲ್ಲದ ಹಾಗೆ. ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ಎರಡು ನಿಮಿಷ ಕಳೆದಿರುತ್ತದೆ. ರೇಡಿಯೊದವರು ಮೂರು ನಿಮಿಷದ ಹಾಡು ಕೇಳುತ್ತಿದ್ದ ಕಾಲ ಅದು. ಏಳೂವರೆ ನಿಮಿಷ ಎಳೆಯುವ, ಪಲ್ಲವಿ ಎನ್ನುವಂಥದ್ದು ನೆಟ್ಟಗೆ ಇಲ್ಲದ, ತನ್ನ ಹೆಸರಿನ ಎರಡು ಪದಗಳೇ ಸಾಹಿತ್ಯದಲ್ಲಿ ಎಲ್ಲೂ ಬಾರದ ಈ ಹಾಡು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ (ಒಂದು ಹಾಡಿಗೆಂದೇ ತರುವ ಗ್ರಾಮಫೋನ್ ತಟ್ಟೆ) ಎನ್ನಿಸಿಕೊಂಡಿತು.

ನ್ಯೂ ಆರ್ಡರ್ ತಂಡದ ‘ಬ್ಲೂ ಮಂಡೇ’ ಹೊರಬಂದದ್ದು 1983ರ ಮಾರ್ಚ್ 7ರಂದು, ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್‌ನಿಂದ. ಅದರ ಸುತ್ತ ಮೂರು ಕತೆಗಳು ಸದಾ ಓಡಾಡುತ್ತವೆ. ಒಂದು, ಯಾರೋ ಒಂದು ಸ್ವರ ಬಿಟ್ಟುಬಿಟ್ಟಿದ್ದರಿಂದಲೇ ಆ ಮಟ್ಟಿಗೆ ಅಷ್ಟು ಸೊಗಸು ಬಂತು ಎನ್ನುವುದು. ಎರಡು, ಕಾಲು ತಾಗಿ ಪ್ಲಗ್ ಕಳಚಿ ಡ್ರಮ್ಮೆಲ್ಲ ಅಳಿಸಿಹೋಯಿತು ಎನ್ನುವುದು. ಮೂರು, ಪ್ರತಿಯೊಂದು ಮಾರಿದಾಗಲೂ ಕಂಪನಿಗೆ ಕೈಯಿಂದ ಹೋಗುತ್ತಿತ್ತು ಎನ್ನುವುದು. ಇವನ್ನು ಪವಾಡದ ಹಾಗೆ ಹೇಳುವವರೇ ಹೆಚ್ಚು. ಆ ಯಂತ್ರಗಳು ನಡೆಯುತ್ತಿದ್ದ ರೀತಿ, ಆ ತಟ್ಟೆಯ ರಟ್ಟಿನ ಹೊದಿಕೆ ತಯಾರಾಗುತ್ತಿದ್ದ ರೀತಿ ಗೊತ್ತಾದರೆ ಪವಾಡ ಹೋಗಿ ಅದರ ಜಾಗದಲ್ಲಿ ಕೈಕೆಲಸವೂ ಅದರ ಬೆನ್ನಿಗೇ ಬರುವ ಎಡವಟ್ಟುಗಳೂ ಕಾಣುತ್ತವೆ.

ಹಿನ್ನೆಲೆ ಸ್ವಲ್ಪ ಬೇಕು. 1976–77ರ ಪಂಕ್ ಎಂಬ ಒರಟು ರಾಕ್ ಸಂಗೀತದ ಗದ್ದಲ ತಣ್ಣಗಾದ ಮೇಲೆ ಅದರ ಹುಮ್ಮಸ್ಸನ್ನು ಉಳಿಸಿಕೊಂಡು, ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ), ಡಿಸ್ಕೊ, ಫಂಕ್ ಹೀಗೆ ಪಂಕ್‌ನವರು ಮೂಗು ಮುರಿಯುತ್ತಿದ್ದುದನ್ನೆಲ್ಲ ಒಳಗೆ ಬಿಟ್ಟುಕೊಂಡ ರಾಕ್ ಸಂಗೀತಕ್ಕೆ ನ್ಯೂ ವೇವ್ ಎಂಬ ಹೆಸರು ಅಂಟಿಕೊಂಡಿತು. ನ್ಯೂ ಆರ್ಡರ್‌ನ ಮೂವರು, ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಮತ್ತು ಸ್ಟೀಫನ್ ಮಾರಿಸ್, ಮೊದಲು ಜಾಯ್ ಡಿವಿಷನ್ ಎಂಬ ತಂಡದಲ್ಲಿದ್ದವರು. 1980ರ ಮೇ 18ರಂದು, ಇನ್ನೇನು ಅಮೆರಿಕ ಪ್ರವಾಸಕ್ಕೆ ಹೊರಡಬೇಕು ಎನ್ನುವಾಗ, ಅದರ ಹಾಡುಗಾರ ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡರು. ಉಳಿದವರು ಹೆಸರು ಬದಲಿಸಿಕೊಂಡರು. ಕೀಬೋರ್ಡಿಗೆ ಗಿಲಿಯನ್ ಗಿಲ್ಬರ್ಟ್ ಬಂದು ಸೇರಿದರು. 1981ರ ಮೊದಲ ಆಲ್ಬಮ್ಮಿನಲ್ಲಿ ಇನ್ನೂ ಹಳೆಯ ತಂಡದ ಸೂತಕವೇ ಕೇಳಿಸುತ್ತದೆ. ನ್ಯೂಯಾರ್ಕಿನ ನೃತ್ಯ ಕ್ಲಬ್ಬುಗಳನ್ನು ನೋಡಿಬಂದ ಮೇಲೆ ಇವರ ಕಿವಿ ತಿರುಗಿತು.

ಹಾಡು ಹುಟ್ಟಿದ್ದಕ್ಕೆ ತಂಡದವರೇ ಕೊಡುವ ಕಾರಣ ಸೋಮಾರಿತನದ್ದು. ಕಛೇರಿ ಮುಗಿದ ಮೇಲೆ ಜನ ‘ಇನ್ನೊಂದು, ಇನ್ನೊಂದು’ ಎಂದು ಕೂಗಿದರೆ ಮತ್ತೆ ವೇದಿಕೆಗೆ ಬರುವುದು ಇವರಿಗೆ ಆಗದ ಮಾತು. ಹಾಗಿದ್ದರೆ ಗುಂಡಿಯೊಂದನ್ನು ಒತ್ತಿ ಒಳಗೆ ಹೋಗೋಣ, ಉಳಿದದ್ದನ್ನು ಯಂತ್ರವೇ ನುಡಿಸಲಿ ಎಂಬ ಯೋಚನೆ. ಅಂಥದೊಂದನ್ನು ಕಟ್ಟಲು ಅವರು ಪಟ್ಟ ಪಾಡು ನೋಡಿದರೆ, ಇನ್ನೊಂದು ಹಾಡು ಹಾಡಿ ಮನೆಗೆ ಹೋಗುವುದೇ ಸುಲಭವಿತ್ತು.

ಬಿಡಿಭಾಗಗಳಲ್ಲಿ ಎರವಲು ಬಹಳ, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಬೇಸ್, ಎಂದರೆ ತಗ್ಗು ಸ್ವರಗಳ ಸಾಲು, ಕೆಳಗಿನ ಸ್ಥಾಯಿಯಿಂದ ಮೇಲಿನ ಸ್ಥಾಯಿಗೆ ನೆಗೆಯುವ ಪರಿ ಅಮೆರಿಕದ ಡಿಸ್ಕೊ ಹಾಡುಗಾರ ಸಿಲ್ವೆಸ್ಟರ್‌ನ ಹಾಡಿನದು, ತಾಳದ ಮಾದರಿ ಡಿಸ್ಕೊ ಹಾಡುಗಾರ್ತಿ ಡಾನಾ ಸಮ್ಮರ್‌ದು, ಒಟ್ಟು ಜೋಡಣೆಯ ಕ್ರಮ ಇಟಲಿಯ ಕ್ಲೈನ್ ಪ್ಲಸ್ ಎಂಬಿಒ ತಂಡದ್ದು ಎಂದು ಸಮ್ನರ್ ಹೇಳಿದ್ದಾರೆ. ನಡುವೆ ಮಂಜಿನಂತೆ ಕವಿಯುವ ವೃಂದದ ದನಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಧ್ವನಿಮುದ್ರಿಕೆಯಿಂದ ಎತ್ತಿಕೊಂಡದ್ದು. ಹುಕ್ ಅವರ ಬೇಸ್ ಗಿಟಾರಿಗೆ ಎನ್ನಿಯೊ ಮೊರಿಕೋನೆ ಕೌಬಾಯ್ ಸಿನಿಮಾಗಳಿಗೆ ಕೊಟ್ಟ ಸಂಗೀತದ ನೆರಳಿದೆ. ಇಷ್ಟೆಲ್ಲ ಸಾಲ ಮಾಡಿಯೂ ಫಲ ಯಾರದ್ದರಂತೆಯೂ ಕೇಳುವುದಿಲ್ಲ. ಅದಕ್ಕೆ ಅರ್ಧ ಕಾರಣ ಯಂತ್ರಗಳು.

ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೊದಲ್ಲಿ, 1982ರಲ್ಲಿ. ಎಂಜಿನಿಯರ್ ಮೈಕಲ್ ಜಾನ್ಸನ್, ನಿರ್ಮಾಪಕರು ತಂಡದವರೇ. ಮೇಜಿನ ಮೇಲೆ ಮುಖ್ಯವಾಗಿ ನಾಲ್ಕು ಪೆಟ್ಟಿಗೆಗಳಿದ್ದವು.

ಮೊದಲನೆಯದು ಓಬರ್‌ಹೈಮ್ ಡಿಎಂಎಕ್ಸ್ ಎಂಬ ಡ್ರಮ್ ಮಷೀನ್. ಹಳೆಯ ಡ್ರಮ್ ಪೆಟ್ಟಿಗೆಗಳು ವಿದ್ಯುತ್ತಿನಿಂದ ‘ಟಕ್ ಟಕ್’ ಶಬ್ದ ಹುಟ್ಟಿಸುತ್ತಿದ್ದರೆ, ಇದು ನಿಜವಾದ ಡ್ರಮ್ಮುಗಳ ಧ್ವನಿಯನ್ನು ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ ತುಂಬಿಟ್ಟುಕೊಂಡಿತ್ತು. ಹಾಗಾಗಿ ಗುದ್ದಿನಲ್ಲಿ ತೂಕವಿದೆ. ಆದರೆ ಪ್ರತಿ ಪೆಟ್ಟೂ ಹಿಂದಿನದರ ತದ್ರೂಪು. ಮನುಷ್ಯನ ಕಾಲು ಎಂಟು ಪೆಟ್ಟನ್ನು ಒಂದೇ ಬಲದಲ್ಲಿ ತುಳಿಯಲಾರದು. ಆರಂಭದ ಆ ‘ತಕಧಿಮಿ ತಕಧಿಮಿ’ ಕೇಳಿ ಮೈ ನೆಟ್ಟಗಾಗುವುದು ಇದಕ್ಕೇ. ಎಂಟಕ್ಕೆ ಎಂಟೂ ಸಮ, ಒಂದಿಷ್ಟೂ ಏರುಪೇರಿಲ್ಲ.

ಎರಡನೆಯದು ಮೂಗ್ ಸೋರ್ಸ್ ಸಿಂಥಸೈಜರ್. ಒಂದು ಹೊತ್ತಿಗೆ ಒಂದೇ ಸ್ವರ ನುಡಿಸಬಲ್ಲದು. ಹಾಡಿನುದ್ದಕ್ಕೂ ಕೆಳಗೆ ಮಿಡಿಯುವ ಸಿಂಥ್ ಬೇಸ್ ಇದರದು. ಮೂರನೆಯದು ಎಮ್ಯುಲೇಟರ್, ಎಂದರೆ ಸ್ಯಾಂಪ್ಲರ್: ಹೊರಗಿನ ಯಾವುದೇ ಸದ್ದನ್ನು ಎರಡು ಸೆಕೆಂಡಿನಷ್ಟು ಹಿಡಿದಿಟ್ಟು ಕೀಲಿಗಳ ಮೇಲೆ ಹರಡಿಕೊಡುತ್ತಿತ್ತು. ವೃಂದದ ದನಿ ಬಂದದ್ದು ಇದರಿಂದ. ಆ ಸದ್ದುಗಳನ್ನು ಅದು 5.25 ಇಂಚಿನ ಫ್ಲಾಪಿಯಲ್ಲಿ (ಆ ಕಾಲದ ಕಂಪ್ಯೂಟರ್ ಡಿಸ್ಕ್) ಇಟ್ಟುಕೊಳ್ಳುತ್ತಿತ್ತು. ಆ ಫ್ಲಾಪಿ ಮುಂದೆ ಇನ್ನೊಂದು ರೂಪದಲ್ಲಿ ಬರುತ್ತದೆ.

ನಾಲ್ಕನೆಯದೇ ನಿಜವಾದ ತಲೆನೋವು: ಪವರ್‌ಟ್ರಾನ್ 1024 ಎಂಬ ಸೀಕ್ವೆನ್ಸರ್. ಇದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸರಕಲ್ಲ. ಬಿಡಿಭಾಗಗಳ ಕಿಟ್ ತರಿಸಿ, ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕು. ಸಮ್ನರ್ ಅದನ್ನು ತಾವೇ ಕೂತು ಕಟ್ಟಿದರು. ಸೀಕ್ವೆನ್ಸರ್ ಸ್ವತಃ ಸದ್ದು ಮಾಡುವುದಿಲ್ಲ. ಯಾವ ಸ್ವರ, ಯಾವಾಗ ಎಂದು ಸಿಂಥಸೈಜರಿಗೆ ಹೇಳುವುದಷ್ಟೇ ಅದರ ಕೆಲಸ. ಹೇಳುವುದು ತಂತಿಯಲ್ಲಿ ಕಳಿಸುವ ವೋಲ್ಟೇಜಿನ ಮೂಲಕ. ವೋಲ್ಟೇಜ್ ಏರಿದರೆ ಸ್ವರ ಏರುತ್ತದೆ, ಪಕ್ಕದ ಇನ್ನೊಂದು ತಂತಿಯಲ್ಲಿ ಬರುವ ಮಿಡಿತ ‘ಈಗ ನುಡಿ’ ಎನ್ನುತ್ತದೆ.

ಈಗಿನವರಿಗೆ ವಿಚಿತ್ರವೆನಿಸಬಹುದು, ಬೇರೆ ಬೇರೆ ಕಂಪನಿಗಳ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಆಗ ಒಪ್ಪಿತವಾದ ಭಾಷೆಯೇ ಇರಲಿಲ್ಲ. ಅದಕ್ಕೆಂದು ಬಂದ ಮಿಡಿ ಪದ್ಧತಿ ಸಾರ್ವಜನಿಕರ ಮುಂದೆ ಮೊದಲು ಕೆಲಸ ಮಾಡಿ ತೋರಿಸಿದ್ದು 1983ರ ಜನವರಿಯಲ್ಲಿ. ಹಾಡು ಅದಕ್ಕೂ ಮೊದಲೇ ಟೇಪಿನಲ್ಲಿತ್ತು. ಡ್ರಮ್ ಮಷೀನಿನ ಗಡಿಯಾರದ ಮಿಡಿತವನ್ನು ಸೀಕ್ವೆನ್ಸರಿಗೆ ಅರ್ಥವಾಗುವಂತೆ ಮಾಡಲು ಎಲೆಕ್ಟ್ರಾನಿಕ್ಸ್ ಬಲ್ಲ ಪರಿಚಯದವರೊಬ್ಬರು ನಡುವೆ ಒಂದು ಸರ್ಕೀಟ್ ಕಟ್ಟಿಕೊಡಬೇಕಾಯಿತು. ಅದು ಕೈಗೂಡಿ, ಡ್ರಮ್ಮಿನ ಜೊತೆಜೊತೆಗೇ ಸಿಂಥಸೈಜರ್ ತಾನಾಗಿ ನುಡಿಯಲು ಶುರುಮಾಡಿದ್ದೇ ಇಡೀ ಹಾಡಿಗೆ ಬುನಾದಿ.

ಈಗ ಆ ಬಿಟ್ಟುಹೋದ ಸ್ವರ. ಸೀಕ್ವೆನ್ಸರಿಗೆ ಸ್ವರಗಳನ್ನು ಊಡಿಸುವ ಕೆಲಸ ಗಿಲ್ಬರ್ಟ್ ಅವರದು. ಕೀಬೋರ್ಡಿನಲ್ಲಿ ಒಮ್ಮೆ ನುಡಿಸಿದರೆ ಅದು ಬರೆದುಕೊಳ್ಳುತ್ತಿರಲಿಲ್ಲ. ಒಂದೊಂದೇ ಸ್ವರ, ಒಂದೊಂದೇ ಹೆಜ್ಜೆ ಕೈಯಾರೆ ಹಾಕಬೇಕು. ಅವರು ಇಡೀ ಹಾಡನ್ನು ಎ4 ಹಾಳೆಗಳಲ್ಲಿ ಬರೆದು, ಹಾಳೆಗಳನ್ನು ಟೇಪು ಹಚ್ಚಿ ಉದ್ದಕ್ಕೆ ಜೋಡಿಸಿ ಸ್ಟುಡಿಯೊದ ಉದ್ದಕ್ಕೂ ಹರಡಿದ್ದರು. ಸ್ವೆಟರ್ ಹೆಣೆಯುವವರ ದೊಡ್ಡ ನಕ್ಷೆಯ ಹಾಗಿತ್ತು ಎಂದು ಮುಂದೆ ಅವರೇ ಹೋಲಿಸಿದರು. ಹೋಲಿಕೆ ಸರಿಯಾಗಿಯೇ ಇದೆ: ಹೆಣಿಗೆಯಲ್ಲಿ ಒಂದು ಕಣ್ಣು ತಪ್ಪಿದರೆ ಮುಂದಿನ ಸಾಲೆಲ್ಲ ವಾಲುತ್ತದೆ.

ಲೆಕ್ಕ ಹಾಕಿ ನೋಡಿ. ಹಾಡಿನ ವೇಗ ನಿಮಿಷಕ್ಕೆ ಸುಮಾರು 130 ಎಣಿಕೆ. ಒಂದು ಎಣಿಕೆಗೆ 0.46 ಸೆಕೆಂಡ್. ಎಣಿಕೆಯೊಂದರಲ್ಲಿ ‘ತಕಧಿಮಿ’ಯ ನಾಲ್ಕು ಅಕ್ಷರ, ಒಂದೊಂದಕ್ಕೆ 0.115 ಸೆಕೆಂಡ್. ನಾಲ್ಕು ಎಣಿಕೆಗೆ ಒಂದು ಆವರ್ತ ಎಂದರೆ ಹದಿನಾರು ಹೆಜ್ಜೆ. ಏಳೂವರೆ ನಿಮಿಷಕ್ಕೆ ಇಂಥ ಆವರ್ತಗಳು 240ಕ್ಕೂ ಹೆಚ್ಚು, ಹೆಜ್ಜೆಗಳು 3,800ಕ್ಕೂ ಮೇಲೆ. ಪೆಟ್ಟಿಗೆಯ ನೆನಪು ಹಿಡಿಸುವುದು, ಹೆಸರಲ್ಲೇ ಇರುವಂತೆ, 1024. ಬಂದದ್ದೇ ಮತ್ತೆ ಬರುವ ತುಂಡುಗಳಲ್ಲಿ ಹಾಡನ್ನು ಕಟ್ಟದೆ ಗತಿಯಿಲ್ಲ.

ಹೀಗೆ ಹಾಕುವಾಗ ಒಂದು ಹೆಜ್ಜೆ ಬಿಟ್ಟುಹೋದರೆ ಏನಾಗುತ್ತದೆ ಎನ್ನುವುದು ಬಿಟ್ಟದ್ದು ಎಲ್ಲಿ ಎಂಬುದರ ಮೇಲಿದೆ. ಉದ್ದದ ಸಾಲೊಂದರಲ್ಲಿ ಒಮ್ಮೆ ಬಿಟ್ಟರೆ, ಅಲ್ಲಿಂದಾಚೆಗಿನ ಸ್ವರಗಳೆಲ್ಲ 0.115 ಸೆಕೆಂಡ್ ಮುಂಚೆಯೇ ಬಂದುಬಿಡುತ್ತವೆ. ವ್ಯತ್ಯಾಸ ಅಷ್ಟಕ್ಕೇ ನಿಲ್ಲುತ್ತದೆ. ಮತ್ತೆ ಮತ್ತೆ ತಿರುಗುವ ತುಂಡಿನೊಳಗೆ ಬಿಟ್ಟರೆ ಕೇಡು ಬೆಳೆಯುತ್ತದೆ. ಡ್ರಮ್ ಹದಿನಾರಕ್ಕೆ ತಿರುಗುವಾಗ ಮಟ್ಟು ಹದಿನೈದಕ್ಕೇ ತಿರುಗುತ್ತದೆ, ಪ್ರತಿ ಸುತ್ತಿಗೂ ಇನ್ನೊಂದು ಹೆಜ್ಜೆ ಸರಿಯುತ್ತದೆ, ಹದಿನಾರು ಸುತ್ತಾದ ಮೇಲೆಯೇ ಎರಡೂ ಮತ್ತೆ ಒಂದೇ ಸಮಕ್ಕೆ ಕೂಡುವುದು. ಗಿಲ್ಬರ್ಟ್ ಹೇಳುವಂತೆ ತಾವು ಒಂದು ಸ್ವರ ಬಿಟ್ಟದ್ದರಿಂದ ಸಿಂಥ್ ಮಟ್ಟು ಲಯಕ್ಕೆ ತುಸು ಓರೆಯಾಗಿ ಕೂತಿತು. ಡ್ರಮ್ಮಿನ ಹಿಂದಿನಿಂದ ಮೆಲ್ಲಗೆ ಏರಿಬರುವ ಆ ಮಟ್ಟನ್ನು ಬೆರಳೆಣಿಸುತ್ತ ಕೇಳಿದರೆ, ಅದು ಎಲ್ಲಿ ಆರಂಭವಾಯಿತು ಎಂದು ಹಿಡಿಯುವಾಗ ಕಿವಿ ಒಂದು ಕ್ಷಣ ಎಡವುತ್ತದೆ. ಸಮ ಬಿಟ್ಟು ಎತ್ತುಗಡೆ ಮಾಡುವುದು ನಮ್ಮ ಸಂಗೀತದಲ್ಲಿ ಲೆಕ್ಕವಿಟ್ಟು ಮಾಡುವ ಕೆಲಸ. ಇಲ್ಲಿ ಅದು ಕಣ್ತಪ್ಪಿನಿಂದ ಬಂತು, ಚೆನ್ನಾಗಿ ಕೇಳಿತು, ಹಾಗೇ ಬಿಟ್ಟರು. ಬಿಟ್ಟದ್ದು ಜಾಣತನ. ಎಲ್ಲವೂ ಗೆರೆ ಕೊರೆದಂತೆ ಕೂತಿದ್ದರೆ ಹಾಡು ಇಷ್ಟು ಸಲ ಕೇಳಿಸಿಕೊಳ್ಳುತ್ತಿರಲಿಲ್ಲ ಎಂದು ನನ್ನ ಅಂದಾಜು.

ಪ್ಲಗ್ಗಿನ ಕತೆ ಹುಕ್ ಹೇಳಿದ್ದು. ಡ್ರಮ್ ಮಾದರಿಯನ್ನು ತಿದ್ದಿತೀಡಿ ಮುಗಿಸಿದ ಮೇಲೆ ಮಾರಿಸ್ ಕಾಲು ತಾಗಿ ತಂತಿ ಕಿತ್ತು, ಯಂತ್ರದ ನೆನಪಿನಲ್ಲಿದ್ದದ್ದೆಲ್ಲ ಅಳಿಸಿತಂತೆ. ಮತ್ತೆ ನೆನಪಿನಿಂದ ಕಟ್ಟಿದ್ದೇ ಈಗ ನಾವು ಕೇಳುವುದು, ಮೊದಲಿನದು ಇನ್ನೂ ಚೆನ್ನಾಗಿತ್ತು ಎನ್ನುವುದು ಹುಕ್ ವಾದ. ಕಳೆದುಹೋದದ್ದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ ಬಿಡಿ. ತಾಂತ್ರಿಕವಾಗಿ ಇದರಲ್ಲಿ ಆಶ್ಚರ್ಯವಿಲ್ಲ. ಆ ಪೀಳಿಗೆಯ ಡ್ರಮ್ ಮಷೀನುಗಳಲ್ಲಿ ಕೆಲಸವನ್ನು ಸಾಮಾನ್ಯ ಆಡಿಯೊ ಕ್ಯಾಸೆಟ್ಟಿಗೆ ಕೀಚಲು ಸದ್ದಿನ ರೂಪದಲ್ಲಿ ಇಳಿಸಿಟ್ಟುಕೊಳ್ಳುವ ಏರ್ಪಾಡಿತ್ತು. ಆ ಕೆಲಸಕ್ಕೆ ನಿಮಿಷಗಳು ಹಿಡಿಯುತ್ತಿದ್ದವು, ಹಾಗಾಗಿ ಎಲ್ಲರೂ ‘ಆಮೇಲೆ’ ಎನ್ನುತ್ತಿದ್ದರು.

ಯಂತ್ರಗಳ ಮೇಲೆ ಮನುಷ್ಯರು ಹಾಕಿದ್ದು ಎರಡೇ ಪದರ. ಒಂದು ಹುಕ್ ಅವರ ಬೇಸ್ ಗಿಟಾರ್. ಕೆಳಗಿನ ಸ್ವರಗಳನ್ನೆಲ್ಲ ಸಿಂಥಸೈಜರ್ ಹಿಡಿದುಕೊಂಡಿರುವುದರಿಂದ ಅವರು ಮೇಲಿನ ತಂತಿಗಳಲ್ಲಿ ಮಟ್ಟು ನುಡಿಸುತ್ತಾರೆ, ಬೇಸ್ ಅಲ್ಲಿ ಗಿಟಾರಿನ ಕೆಲಸ ಮಾಡುತ್ತದೆ. ಇನ್ನೊಂದು ಸಮ್ನರ್ ದನಿ. ಭಾವ ತುಂಬಿ ಹಾಡುವ ಗೋಜಿಗೇ ಹೋಗದೆ, ಯಾರದೋ ಪತ್ರವನ್ನು ಓದಿ ಹೇಳಿದಂತೆ ಚಪ್ಪಟೆಯಾಗಿ ಹಾಡುತ್ತಾರೆ. ತಣ್ಣಗಿದೆ ಎಂದು ಹಲವರು ದೂರಿದ್ದು ಇದನ್ನೇ. ನನಗೆ ಅದೇ ಸರಿಯೆನಿಸುತ್ತದೆ. ಕೆಳಗೆ ಅಷ್ಟು ಕುಣಿತ ಇರುವಾಗ ಮೇಲೆ ದನಿಯೂ ಕುಣಿದರೆ ಅದು ಮಾಮೂಲಿ ಡಿಸ್ಕೊ. ಹೆಸರು ಬಂದದ್ದು ಮಾರಿಸ್ ಆಗ ಓದುತ್ತಿದ್ದ ಕರ್ಟ್ ವಾನಗಟ್ ಕಾದಂಬರಿಯಿಂದ. ‘ಗುಡ್‌ಬೈ ಬ್ಲೂ ಮಂಡೇ’ ಎನ್ನುವುದು ಅದರ ಇನ್ನೊಂದು ಶೀರ್ಷಿಕೆ.

ಸಿಂಗಲ್ ಎಂದರೆ ಆಗ ರೂಢಿಯಲ್ಲಿ 7 ಇಂಚಿನ ತಟ್ಟೆ. ಇದನ್ನು 12 ಇಂಚಿನಲ್ಲೇ ತಂದರು, ಅದಕ್ಕೆ ಕಾರಣವಿದೆ. ತಟ್ಟೆಯ ಮೇಲಿನ ಗೀರು ಬೇಸ್ ಸದ್ದಿಗೆ ಅಗಲಕ್ಕೆ ಓಲಾಡುತ್ತದೆ. ಗುದ್ದು ಜೋರಾದಷ್ಟೂ ಗೀರುಗಳ ನಡುವೆ ಹೆಚ್ಚು ಜಾಗ ಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಹಾಯ್ದು ಮುಳ್ಳು ನೆಗೆಯುತ್ತದೆ. ಏಳೂವರೆ ನಿಮಿಷವನ್ನು 7 ಇಂಚಿಗೆ ತುರುಕಿದರೆ ಸದ್ದಿನ ಮಟ್ಟ ಇಳಿಸಬೇಕು, ಬೇಸ್ ತೆಗೆಯಬೇಕು. ಈ ಹಾಡಿನಲ್ಲಿ ಬೇಸ್ ತೆಗೆದರೆ ಇನ್ನೇನು ಉಳಿಯಿತು? 12 ಇಂಚಿನಲ್ಲಿ ಜಾಗ ಧಾರಾಳ, ಹಾಗಾಗಿ ಕ್ಲಬ್ಬಿನಲ್ಲಿ ಎದೆಗೇ ಬಡಿಯುತ್ತದೆ. ಹಿಂಬದಿಗೆ ಅದೇ ಹಾಡಿನ ವಾದ್ಯರೂಪ, ‘ದಿ ಬೀಚ್’.

ಹೊದಿಕೆ ಮಾಡಿದ್ದು ಪೀಟರ್ ಸೆವಿಲ್. ಸ್ಟುಡಿಯೊಗೆ ಹೋಗಿದ್ದಾಗ ಆ 5.25 ಇಂಚಿನ ಫ್ಲಾಪಿ ಅವರ ಕಣ್ಣಿಗೆ ಬಿತ್ತು, ಹೊದಿಕೆಗೆ ಅದೇ ರೂಪವಾಯಿತು. ಕಪ್ಪು ರಟ್ಟು, ಫ್ಲಾಪಿಯಲ್ಲಿ ಇರುವಂತೆಯೇ ಕೊರೆದ ರಂಧ್ರಗಳು, ಅವುಗಳೊಳಗಿಂದ ಇಣುಕುವ ಬೆಳ್ಳಿ ಬಣ್ಣದ ಒಳಕವರು. ಮುಂದೆ ಎಲ್ಲೂ ತಂಡದ ಹೆಸರಿಲ್ಲ, ಹಾಡಿನ ಹೆಸರಿಲ್ಲ. ಅಂಚಿನಲ್ಲಿ ಬಣ್ಣದ ಚೌಕಗಳ ಸಾಲೊಂದಿದೆ, ಅದೇ ಲಿಪಿ. ಬಿಡಿಸಿದರೆ ಮುದ್ರಿಕೆಯ ಸಂಖ್ಯೆಯಾದ ಫ್ಯಾಕ್ 73, ಎರಡೂ ಬದಿಯ ಹಾಡುಗಳು ಮತ್ತು ತಂಡದ ಹೆಸರು ಸಿಗುತ್ತವೆ. ಬಿಡಿಸುವ ಬಣ್ಣದ ಚಕ್ರವನ್ನು ಕೊಟ್ಟದ್ದು ಈ ಹೊದಿಕೆಯ ಮೇಲಲ್ಲ, ಎರಡು ತಿಂಗಳ ಮೇಲೆ ಬಂದ ‘ಪವರ್, ಕರಪ್ಷನ್ ಅಂಡ್ ಲೈಸ್’ ಆಲ್ಬಮ್ಮಿನ ಬೆನ್ನಿನ ಮೇಲೆ. ಆ ಆಲ್ಬಮ್ಮಿನ ಮೂಲ ಬ್ರಿಟಿಷ್ ತಟ್ಟೆಯಲ್ಲಿ ‘ಬ್ಲೂ ಮಂಡೇ’ ಹಾಡೇ ಇರಲಿಲ್ಲ ಎನ್ನುವುದು ಇನ್ನೊಂದು ತಮಾಷೆ.

ಪ್ರೆಸ್ಸಿನ ಕೆಲಸ ಬಲ್ಲವರಿಗೆ ಖರ್ಚು ಎಲ್ಲಿ ಏರಿತು ಎಂದು ಕೂಡಲೇ ಹೊಳೆಯುತ್ತದೆ. ಮಾಮೂಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ನಾಲ್ಕು ಪ್ಲೇಟುಗಳಲ್ಲಿ ಎಲ್ಲ ಮುಗಿಯುತ್ತದೆ. ಬಣ್ಣ ಇಂಥದೇ ಆಗಬೇಕು ಎಂದು ವಿಶೇಷ ಮಸಿ ಕೇಳಿದರೆ ಒಂದೊಂದಕ್ಕೂ ಪ್ರತ್ಯೇಕ ಪ್ಲೇಟು, ಹಾಳೆ ಮತ್ತೆ ಯಂತ್ರಕ್ಕೆ. ರಂಧ್ರ ಕೊರೆಯಲು ಬೇರೆ ಅಚ್ಚು ಮಾಡಿಸಿ ಡೈ ಕಟಿಂಗಿಗೆ ಇನ್ನೊಂದು ಸುತ್ತು. ಅಚ್ಚಿನ ಖರ್ಚು ಒಂದೇ ಸಲದ್ದು, ಪ್ರತಿಗಳು ಹೆಚ್ಚಿದಂತೆ ಹಂಚಿಹೋಗುತ್ತದೆ. ಸುತ್ತಿನ ಖರ್ಚು ಹಾಗಲ್ಲ, ಒಂದೊಂದು ಹಾಳೆಗೂ ಬಿದ್ದೇ ಬೀಳುತ್ತದೆ. ಪ್ರತಿಗೆ 5 ಪೆನ್ಸ್ ನಷ್ಟ ಎಂದು ಫ್ಯಾಕ್ಟರಿಯ ಟೋನಿ ವಿಲ್ಸನ್ ಹೇಳುತ್ತಿದ್ದರು, 10 ಪೆನ್ಸ್ ಎಂದು ಹುಕ್. ಹೊದಿಕೆ ಮಾಡಿದ ಸೆವಿಲ್ ಮಾತ್ರ ಈ ಕತೆ ಕೇಳಿ ಕೇಳಿ ಬೇಜಾರಾಗಿದೆ, ಆ ದುಬಾರಿ ಹೊದಿಕೆಗಳು ಎಷ್ಟು ತಯಾರಾದವೆಂಬ ಲೆಕ್ಕವೇ ಇಲ್ಲ ಎಂದವರು. 5 ಪೆನ್ಸನ್ನೇ ಹಿಡಿದರೂ ಲಕ್ಷ ಪ್ರತಿಗೆ 5,000 ಪೌಂಡ್ ಆಯಿತು. ಮುಂದಿನ ಮುದ್ರಣಗಳಲ್ಲಿ ಕೊರೆತ ಕೈಬಿಟ್ಟು, ರಂಧ್ರವಿದ್ದ ಜಾಗಕ್ಕೆ ಬೆಳ್ಳಿ ಬಣ್ಣ ಬಳಿದು ಖರ್ಚು ಇಳಿಸಿದರು. ಆದ್ದರಿಂದ ನಷ್ಟದ ಮಾತು ಮೊದಲ ಹೊದಿಕೆಗಳಿಗೆ ಸಲ್ಲಬಹುದು. ಹಾಡಿನಿಂದ ಏನೂ ಹುಟ್ಟಲಿಲ್ಲ ಎನ್ನುವುದು ಅತಿಶಯ. ಹುಟ್ಟಿದ್ದು ಹೋದದ್ದು ಬೇರೆ ಕಡೆಗೆ. 1982ರ ಮೇ ತಿಂಗಳಲ್ಲಿ ಫ್ಯಾಕ್ಟರಿಯೂ ತಂಡವೂ ಸೇರಿ ಮ್ಯಾಂಚೆಸ್ಟರಿನಲ್ಲಿ ಹ್ಯಾಸಿಯೆಂಡಾ ಎಂಬ ನೃತ್ಯ ಕ್ಲಬ್ ತೆರೆದಿದ್ದರು. ಅದು ಕಿಸೆಯಲ್ಲಿ ಬಿದ್ದ ತೂತು. ವರ್ಷಗಟ್ಟಲೆ ತಂಡದ ಗಳಿಕೆ ಅದರಲ್ಲೇ ಸೋರಿತು.

ಜನ ಹೇಗೆ ತೆಗೆದುಕೊಂಡರು? ಮೊದಲು ಹಿಡಿದದ್ದು ಕ್ಲಬ್ಬುಗಳ ಡಿಜೆಗಳು. ರೇಡಿಯೊ ಉದ್ದ ನೋಡಿ ಹಿಂಜರಿದರೂ ಹಾಡು ವಸಂತದಲ್ಲೇ ಬ್ರಿಟನ್ನಿನ ಸಿಂಗಲ್ ಮಾರಾಟದ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೆ ಏರಿತು. ಮಾರ್ಚ್ 31ರಂದು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮಕ್ಕೆ ಕರೆ ಬಂತು. ಅಲ್ಲಿ ಮುದ್ರಿತ ಹಾಡಿಗೆ ತುಟಿಯಾಡಿಸುವುದೇ ಪದ್ಧತಿ. ಇವರು ನಿಜವಾಗಿ ನುಡಿಸುತ್ತೇವೆಂದು ಹಟ ಹಿಡಿದರು. ಫಲ ನೀರಸ: ಟೀವಿಯ ಸ್ಪೀಕರಿನಲ್ಲಿ ಗುದ್ದು ತೆಳ್ಳಗಾಗಿ, ನಾಲ್ವರೂ ಪರೀಕ್ಷೆ ಬರೆಯುವವರಂತೆ ಯಂತ್ರಗಳ ಮೇಲೆ ಬಗ್ಗಿ ನಿಂತಿರುವುದು ಕಾಣುತ್ತದೆ. ಗುಂಡಿ ಒತ್ತಿ ಒಳಗೆ ಹೋಗುವ ಯೋಜನೆಯ ಗತಿ ಅದರಲ್ಲೇ ತಿಳಿಯುತ್ತದೆ. ಯಂತ್ರ ಯಾವಾಗ ಕೈಕೊಟ್ಟೀತೆಂದು ಕಾದು ನಿಲ್ಲಬೇಕಾದದ್ದೇ ಅವರು.

ಪಟ್ಟಿಯಿಂದ ಇಳಿದ ಹಾಡು ಬೇಸಿಗೆ ಕಳೆದ ಮೇಲೆ ಮತ್ತೆ ಏರಿದ್ದು ಅಪರೂಪ. ಯೂರೋಪಿನ ಕಡಲತೀರದ ಊರುಗಳಿಗೆ ರಜೆಗೆ ಹೋದವರು ಅಲ್ಲಿನ ಕ್ಲಬ್ಬುಗಳಲ್ಲಿ ಕೇಳಿ, ವಾಪಸು ಬಂದು ಅಂಗಡಿಗಳಲ್ಲಿ ಕೇಳತೊಡಗಿದರು ಎನ್ನುತ್ತಾರೆ. ಅಕ್ಟೋಬರಿನಲ್ಲಿ 9ನೆಯ ಸ್ಥಾನ ಮುಟ್ಟಿತು. ಇಷ್ಟು ಮಾರಾಟಕ್ಕೆ ಗೋಡೆಗೆ ಹಾಕಿಕೊಳ್ಳಲು ಚಿನ್ನದ ತಟ್ಟೆ ಬರಬೇಕಿತ್ತು, ಬರಲಿಲ್ಲ. ಅದನ್ನು ಕೊಡುವುದು ಬ್ರಿಟಿಷ್ ಧ್ವನಿಮುದ್ರಣ ಉದ್ಯಮದ ಸಂಘ, ಫ್ಯಾಕ್ಟರಿ ಅದರ ಸದಸ್ಯನೇ ಆಗಿರಲಿಲ್ಲ. 1988ರಲ್ಲಿ ಕ್ವಿನ್ಸಿ ಜೋನ್ಸ್ ಮತ್ತು ಜಾನ್ ಪೊಟೋಕರ್ ಹೊಸದಾಗಿ ಮಿಶ್ರಣ ಮಾಡಿದ ಆವೃತ್ತಿ 3ನೆಯ ಸ್ಥಾನಕ್ಕೆ ಹೋಯಿತು. ಅದು ಚೊಕ್ಕವಾಗಿದೆ, ಚಿಕ್ಕದಾಗಿದೆ, ಮೂಲದ ಮುಂದೆ ಸಪ್ಪೆ. ಎಲ್ಲ ಆವೃತ್ತಿ ಸೇರಿ ಬ್ರಿಟನ್ನಿನಲ್ಲಿ 10 ಲಕ್ಷ ದಾಟಿದೆ. ಫ್ಯಾಕ್ಟರಿ ಮಾತ್ರ 1992ರಲ್ಲಿ ದಿವಾಳಿಯಾಯಿತು.

2016ರಲ್ಲಿ ಆರ್ಕೆಸ್ಟ್ರಾ ಆಬ್ಸಲೀಟ್ ಎಂಬ ತಂಡ ಬಿಬಿಸಿಗಾಗಿ ಇದೇ ಹಾಡನ್ನು 1930ರ ದಶಕದಲ್ಲಿ ಸಿಗುತ್ತಿದ್ದ ವಾದ್ಯಗಳಲ್ಲೇ ನುಡಿಸಿತು. ಸೀಕ್ವೆನ್ಸರ್ ಇಲ್ಲ, ಸ್ಯಾಂಪ್ಲರ್ ಇಲ್ಲ. ಕೈ ತಾಗಿಸದೆ ಗಾಳಿಯಲ್ಲೇ ಬೆರಳಾಡಿಸಿ ನುಡಿಸುವ ಥೆರೆಮಿನ್, ಕಮಾನು ಎಳೆದು ನುಡಿಸುವ ಮರಗೆಲಸದ ಗರಗಸ, ನಮ್ಮ ಭಜನೆಮನೆಗಳಲ್ಲಿ ಇರುವಂಥ ಹಾರ್ಮೋನಿಯಂ. ಗಿಲ್ಬರ್ಟ್ ಹಾಳೆ ಅಂಟಿಸಿ ಪೆಟ್ಟಿಗೆಗೆ ಕಲಿಸಿದ್ದನ್ನೆಲ್ಲ ಅಲ್ಲಿ ಒಂದೊಂದು ಜೊತೆ ಕೈಗಳು ಕಲಿತು ನುಡಿಸುತ್ತವೆ.